ವ್ಯಾಸರಾಜನ ಕೊನೆಯ ಸಂಖ್ಯೆ

ವ್ಯಾಸರಾಜ ತೀರಿಕೊಂಡ ಮೇಲಿನ ಮೊದಲ ಭಾನುವಾರ ಬೆಳಿಗ್ಗೆ ಅವನಿಂದ ಅಚ್ಯುತನ ಫೋನಿಗೆ ಮೆಸೇಜು ಬಂತು. ‘ಎಲ್ಲ ಸರಿ ಇದೆ. ಲೆಕ್ಕ ನಡೀತಿದೆ. ವ್ಯಾಸ.’

ಅಚ್ಯುತ ಕಾಫಿ ಲೋಟ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತಿದ್ದ. ಲೋಟವನ್ನು ಕೆಳಗಿಡಲಿಲ್ಲ, ಕುಡಿಯಲೂ ಇಲ್ಲ. ಆ ಮೆಸೇಜು ಎಲ್ಲಿಂದ ಬಂತೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮಿಲ್ಪಿಟಾಸಿನ ತನ್ನ ಮನೆಯ ಗ್ಯಾರೇಜಿನಲ್ಲಿರುವ ಕಂಪ್ಯೂಟರು ವಾರಕ್ಕೊಮ್ಮೆ ಹೀಗೆ ವರದಿ ಕಳಿಸಲೆಂದು ವ್ಯಾಸರಾಜ ಎಷ್ಟೋ ವರ್ಷಗಳ ಹಿಂದೆಯೇ ಏರ್ಪಾಡು ಮಾಡಿಟ್ಟಿದ್ದ. ಪ್ರತಿ ಭಾನುವಾರ ಬರುತ್ತಿದ್ದ ಅದನ್ನು ಅಚ್ಯುತ ಓದುತ್ತಲೂ ಇರಲಿಲ್ಲ. ಈಗ ಓದಿದ. ಗೊತ್ತಿದ್ದರೂ ಇನ್ನೊಮ್ಮೆ ಓದಿದ. ಮೆಸೇಜು ನಿಲ್ಲಿಸುವುದು ಹೇಗೆಂದು ಅವನಿಗೆ ತಿಳಿದಿತ್ತು, ಎರಡು ನಿಮಿಷದ ಕೆಲಸ. ಅವನು ನಿಲ್ಲಿಸಲಿಲ್ಲ. ಈ ವಿಷಯವನ್ನು ವ್ಯಾಸರಾಜನ ಹೆಂಡತಿ ಪ್ರಭಾಳಿಗೂ ಹೇಳಲಿಲ್ಲ.

ಇಬ್ಬರ ಸ್ನೇಹ ಶುರುವಾದದ್ದು ಸಾಂಟಾ ಕ್ಲಾರಾದ ಒಂದು ಅಪಾರ್ಟ್‌ಮೆಂಟಿನ ಬಟ್ಟೆ ಒಗೆಯುವ ಕೋಣೆಯಲ್ಲಿ. ಆಗ ಇಬ್ಬರಿಗೂ ಮದುವೆಯಾಗಿರಲಿಲ್ಲ. ಎಷ್ಟನೇ ನಂಬರಿನ ಮನೆ ಎಂದು ವ್ಯಾಸರಾಜ ಕೇಳಿದ. ಅಚ್ಯುತ ತೊಂಬತ್ತೇಳು ಎಂದ. ‘ಪುಣ್ಯವಂತರು’ ಎಂದ ವ್ಯಾಸರಾಜ. ‘ನಿಮ್ಮದು ಅಪ್ಪಟ, ಯಾವುದರಿಂದಲೂ ಭಾಗವಾಗಲ್ಲ. ನಂದು ತೊಂಬತ್ತೊಂದು. ನೋಡೋಕೆ ಹಾಗೇ ಕಾಣುತ್ತೆ, ಒಳಗೆ ಹದಿಮೂರೇಳ್ಲೆ.’ ಆ ಮಾತಿಗೆ ಎಷ್ಟು ನಗಬೇಕೆಂದು ತಿಳಿಯದೆ ಅಚ್ಯುತ ತುಸು ಹೆಚ್ಚೇ ನಕ್ಕುಬಿಟ್ಟ. ತನ್ನ ಹಾಸ್ಯಕ್ಕೆ ಅಷ್ಟು ನಕ್ಕವನನ್ನು ವ್ಯಾಸರಾಜ ಮತ್ತೆ ಬಿಡಲಿಲ್ಲ.

ವ್ಯಾಸರಾಜ ಮೈಸೂರಿನ ಮಾಧ್ವರ ಮನೆಯ ಹುಡುಗ. ಸಾಂಟಾ ಕ್ಲಾರಾದ ಒಂದು ಕಂಪ್ಯೂಟರ್ ಚಿಪ್ಪಿನ ಕಂಪನಿಯಲ್ಲಿ ಅವನ ಕೆಲಸ ಬೇರೆಯವರು ಮಾಡಿದ ವಿನ್ಯಾಸದಲ್ಲಿ ತಪ್ಪು ಹುಡುಕುವುದು. ಅಲ್ಲಿ ಒಂದು ನಿಯಮವಿತ್ತು: ವಿನ್ಯಾಸ ಮಾಡಿದವನು ಅದನ್ನು ತಾನೇ ಪರೀಕ್ಷಿಸಬಾರದು. ತನ್ನ ತಪ್ಪು ತನ್ನ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ ಎಂದು ವ್ಯಾಸರಾಜ ಹೇಳುತ್ತಿದ್ದ. ಆಫೀಸಿನಲ್ಲಿ ಅವನಿಗೆ ದೊಡ್ಡ ಹೆಸರೇನೂ ಬರಲಿಲ್ಲ. ಅವನು ಸರಿಯಾಗಿ ಕೆಲಸ ಮಾಡಿದ ದಿನ ಏನೂ ಆಗುತ್ತಿರಲಿಲ್ಲ, ಅಷ್ಟೇ. ಏನೂ ಆಗದೆ ಇದ್ದದ್ದಕ್ಕೆ ಯಾರು ಶಾಲು ಹೊದಿಸುತ್ತಾರೆ?

ಸಂಖ್ಯೆಗಳ ಹುಚ್ಚು ಮಾತ್ರ ಆಫೀಸಿನದಲ್ಲ, ಮನೆಯದು. ಒಂದರಿಂದ ಮತ್ತು ತನ್ನಿಂದ ಬಿಟ್ಟು ಇನ್ನಾವುದರಿಂದಲೂ ಭಾಗವಾಗದ ಸಂಖ್ಯೆಗಳನ್ನು ಅವಿಭಾಜ್ಯ ಎನ್ನುತ್ತೇವೆ. ಅವುಗಳಿಗೆ ಕೊನೆಯಿಲ್ಲ, ಆದರೆ ದೊಡ್ಡದಾಗುತ್ತ ಹೋದಂತೆ ವಿರಳವಾಗುತ್ತ ಹೋಗುತ್ತವೆ. ಅತಿ ದೊಡ್ಡ ಅವಿಭಾಜ್ಯಗಳನ್ನು ಹುಡುಕುವವರು ಸಾಮಾನ್ಯವಾಗಿ ಒಂದೇ ಬಗೆಯ ಸಂಖ್ಯೆಗಳ ಹಿಂದೆ ಬೀಳುತ್ತಾರೆ. ಎರಡನ್ನು ಎರಡರಿಂದ ಗುಣಿಸುತ್ತ ಗುಣಿಸುತ್ತ ಹೋಗಿ, ಕೊನೆಗೆ ಒಂದು ಕಳೆಯಬೇಕು. ಎಷ್ಟು ಎರಡುಗಳನ್ನು ಗುಣಿಸಿದೆವು ಎಂಬ ಎಣಿಕೆ ಅವಿಭಾಜ್ಯವಲ್ಲದಿದ್ದರೆ ಬಂದ ಸಂಖ್ಯೆಯೂ ಖಂಡಿತ ಅಲ್ಲ. ಎಣಿಕೆ ಅವಿಭಾಜ್ಯವಾದರೆ ಮಾತ್ರ ಆಸೆ ಇಟ್ಟುಕೊಳ್ಳಬಹುದು, ಅದೂ ಬಹಳ ಸಣ್ಣ ಆಸೆ. ಕಂಪ್ಯೂಟರಿನ ಭಾಷೆಯಲ್ಲಿ ಬರೆದರೆ ಇಂಥ ಸಂಖ್ಯೆಯಲ್ಲಿ ಬರೀ ಒಂದುಗಳೇ ಇರುತ್ತವೆ. ಒಂದು, ಒಂದು, ಒಂದು, ಕೋಟಿಗಟ್ಟಲೆ ಒಂದು. ವ್ಯಾಸರಾಜ ಅದನ್ನು ಹೇಳುವಾಗ ದನಿ ತಗ್ಗಿಸುತ್ತಿದ್ದ. ‘ಒಂದೂ ಸೊನ್ನೆ ಇಲ್ಲ ಕಣೋ. ಎಲ್ಲ ನಿಂತಿರ್ತಾರೆ.’

ಪರೀಕ್ಷೆಯ ಹಳೆಯ ವಿಧಾನ ಮಕ್ಕಳಿಗೂ ಅರ್ಥವಾಗುವಂಥದ್ದು. ನಾಲ್ಕರಿಂದ ಶುರು. ಅದರ ವರ್ಗ ಮಾಡಿ ಎರಡು ಕಳೆಯಬೇಕು. ಬಂದದ್ದನ್ನು ಆ ದೊಡ್ಡ ಸಂಖ್ಯೆಯಿಂದ ಭಾಗಿಸಿ, ಉಳಿದದ್ದನ್ನು ಇಟ್ಟುಕೊಳ್ಳಬೇಕು. ಮತ್ತೆ ವರ್ಗ, ಮತ್ತೆ ಎರಡು ಕಳೆ, ಮತ್ತೆ ಭಾಗಿಸು. ಹೀಗೆ ಕೋಟಿಗಟ್ಟಲೆ ಬಾರಿ. ಕಟ್ಟಕಡೆಯ ಹೆಜ್ಜೆಯಲ್ಲಿ ಸೊನ್ನೆ ಉಳಿದರೆ ಸಂಖ್ಯೆ ಅವಿಭಾಜ್ಯ. ಬೇರೇನು ಉಳಿದರೂ ಅಲ್ಲ. ಕೊನೆಯ ಹೆಜ್ಜೆಯ ತನಕ ಯಾವ ಸುಳಿವೂ ಸಿಗುವುದಿಲ್ಲ. ನಡುವೆ ಒಂದೇ ಒಂದು ಅಂಕಿ ತಪ್ಪಿದರೂ ಅಲ್ಲಿಂದ ಮುಂದಿನದೆಲ್ಲ ಕಸ, ಆದರೆ ಆ ಕಸ ನೋಡಲು ಸರಿಯಾದ ಲೆಕ್ಕದ ಹಾಗೆಯೇ ಇರುತ್ತದೆ. ಹೊಸ ವಿಧಾನಗಳಲ್ಲಿ ತಪ್ಪು ತಾನಾಗಿಯೇ ಸಿಕ್ಕಿಬೀಳುತ್ತದೆ. ವ್ಯಾಸರಾಜನಿಗೆ ಹಳೆಯದೇ ಬೇಕಿತ್ತು, ಯಾಕೆಂದರೆ ಹಳೆಯದಕ್ಕೆ ಎರಡನೆಯ ಮನುಷ್ಯ ಬೇಕು.

ಆ ಎರಡನೆಯ ಮನುಷ್ಯ ಅಚ್ಯುತ. ವ್ಯಾಸರಾಜ ಒಂದು ಸಂಖ್ಯೆ ತೆಗೆದುಕೊಂಡರೆ ಅದೇ ಸಂಖ್ಯೆಯನ್ನು ಅಚ್ಯುತ ತನ್ನ ಯಂತ್ರದಲ್ಲಿ ಮೊದಲಿನಿಂದ ಓಡಿಸಬೇಕು. ಇಬ್ಬರದೂ ಮುಗಿಯುವ ತನಕ ಯಾರೂ ತಮ್ಮ ಫಲಿತಾಂಶ ಬಾಯಿಬಿಡುವ ಹಾಗಿಲ್ಲ, ಎಲ್ಲಿಗೂ ಕಳಿಸುವ ಹಾಗಿಲ್ಲ. ಮುಗಿದ ಮೇಲೆ ಫೋನು. ಉಳಿದದ್ದರ ತುದಿಯನ್ನು ಯಂತ್ರ ಹದಿನಾರು ಗುರುತುಗಳಲ್ಲಿ ಬರೆದಿಡುತ್ತದೆ, ಅಂಕಿಗಳೂ ಎ ಯಿಂದ ಎಫ್ ತನಕ ಅಕ್ಷರಗಳೂ ಬೆರೆತು. ಮೊದಲರ್ಧ ಒಬ್ಬ ಓದಬೇಕು, ಎರಡನೆಯ ಅರ್ಧ ಇನ್ನೊಬ್ಬ. ಫೋನಿನಲ್ಲಿ ಬಿ ಯಾವುದು ಡಿ ಯಾವುದು ತಿಳಿಯುವುದಿಲ್ಲವೆಂದು ವ್ಯಾಸರಾಜ ಅಕ್ಷರಗಳಿಗೆ ತಿಂಡಿಯ ಹೆಸರಿಟ್ಟಿದ್ದ: ಅವಲಕ್ಕಿ, ಬೋಂಡ, ಚಕ್ಕುಲಿ, ದೋಸೆ, ಎಳ್ಳುಂಡೆ, ಫೇಣಿ. ಗ್ಯಾರೇಜಿನ ಬಾಗಿಲ ಹಿಂದಿನಿಂದ ‘ಏಳು, ಬೋಂಡ, ಸೊನ್ನೆ, ಚಕ್ಕುಲಿ’ ಎಂದು ಗಂಡ ಕೂಗುವುದನ್ನು ಪ್ರಭಾ ಮದುವೆಯಾದಾಗಿನಿಂದ ಕೇಳಿದ್ದಳು. ಇವರಿಗೆ ಮನೆಯ ತಿಂಡಿ ಸಾಲದು, ದಿನಾ ಹೋಟೆಲಿಗೆ ಆರ್ಡರು ಕೊಡುತ್ತಾರೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಸೊನ್ನೆ ಎಂದೂ ಬರಲಿಲ್ಲ. ಬರುತ್ತದೆಂದು ಅಚ್ಯುತ ನಂಬಿರಲೂ ಇಲ್ಲ. ಹೀಗೆ ಹುಡುಕುವವರು ಜಗತ್ತಿನ ತುಂಬ ಇದ್ದಾರೆ. ಲಕ್ಷಗಟ್ಟಲೆ ಸಂಖ್ಯೆಗಳಲ್ಲಿ ಒಂದು ಸಿಕ್ಕರೆ ಹೆಚ್ಚು.

ಕೊನೆಯ ಸಂಖ್ಯೆ ಸುಮಾರು ನಾಲ್ಕು ಕೋಟಿ ಅಂಕಿಯದು. ವ್ಯಾಸರಾಜನ ಯಂತ್ರ ಹೊಸತು, ಬೇಗ ಮುಗಿಸಿತು. ಅಚ್ಯುತನದು ಇನ್ನೂ ಅರ್ಧ ದಾರಿಯಲ್ಲಿತ್ತು. ಆ ದಿನ ನಡೆದದ್ದನ್ನು ಪ್ರಭಾ ಆಮೇಲೆ ಎಷ್ಟು ಸಲ ಹೇಳಿದಳೆಂದರೆ, ಅಚ್ಯುತನಿಗೆ ತಾನೇ ಅಲ್ಲಿದ್ದಂತೆ ಕಾಣುತ್ತಿತ್ತು. ಏನೂ ವಿಶೇಷವಿಲ್ಲದ ವಾರದ ದಿನ. ಮನೆಯಿಂದಲೇ ಕೆಲಸ ಮಾಡುತ್ತಿದ್ದ ವ್ಯಾಸರಾಜ ಮಧ್ಯಾಹ್ನ ಗ್ಯಾರೇಜಿನಿಂದ ಬಂದು, ಮತ್ತೊಮ್ಮೆ ಸ್ನಾನ ಮಾಡಿ, ಹಯಗ್ರೀವ ಮಾಡುತ್ತೀಯಾ ಎಂದು ಕೇಳಿದ. ಕಡಲೆಬೇಳೆ ಬೆಲ್ಲದ ಆ ಸಿಹಿ ಅವರ ಮನೆಯಲ್ಲಿ ಆಗುವುದು ರಾಯರ ಆರಾಧನೆಗೆ, ಇಲ್ಲವೆ ದೊಡ್ಡ ಸಂತೋಷಕ್ಕೆ. ಏನು ಸಮಾಚಾರ ಎಂದು ಪ್ರಭಾ ಕೇಳಿದ್ದಕ್ಕೆ ನಕ್ಕ. ‘ನಂದು ಮುಗೀತು. ಅಚ್ಚುದೂ ಮುಗೀಲಿ, ಆಮೇಲೆ ಹೇಳ್ತೀನಿ’ ಎಂದ. ಎರಡು ಸಲ ಬಡಿಸಿಕೊಂಡು ತಿಂದ.

ಆ ವಾರ ಮುಗಿಯುವುದರೊಳಗೆ ಅವನು ಇರಲಿಲ್ಲ. ಮಿಲ್ಪಿಟಾಸ್ ಸ್ಟೇಷನ್ನಿನ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿದವನು ಸೀಟುಬೆಲ್ಟು ಕೂಡ ಬಿಚ್ಚಿರಲಿಲ್ಲ. ಹೃದಯ ಎಂದರು ಡಾಕ್ಟರು.

ಅಪರಕರ್ಮಗಳೆಲ್ಲ ಮುಗಿದು ಬಂದವರು ಹೊರಟ ಮೇಲೆ ಪ್ರಭಾ ಅಚ್ಯುತನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿದಳು. ‘ಸೊನ್ನೆ ಬಂದಿತ್ತು ಅಲ್ವಾ ಅವರಿಗೆ?’ ಎಂದು ಕೇಳಿದಳು.

ಅಚ್ಯುತನೂ ಅದನ್ನೇ ಯೋಚಿಸುತ್ತಿದ್ದ. ಬೇರೇನಿರಲು ಸಾಧ್ಯ? ಆದರೆ ಬಾಯಿ ಬಿಟ್ಟು ಹೇಳಲು ಧೈರ್ಯ ಸಾಲಲಿಲ್ಲ. ತನ್ನದು ಮುಗಿಯಲಿ ಎಂದ. ಬೇಕಿದ್ದರೆ ಈಗಲೇ ಗ್ಯಾರೇಜಿಗೆ ಹೋಗಿ ವ್ಯಾಸನ ಫಲಿತಾಂಶ ತೆಗೆದು ನೋಡಬಹುದು ಎಂದೂ ಸೇರಿಸಿದ. ಪ್ರಭಾ ಬೇಡವೆಂದು ತಲೆಯಾಡಿಸಿದಳು. ಅವರು ಇದ್ದಿದ್ದರೆ ಬಿಡುತ್ತಿದ್ದರೇ ಎಂದಳು.

ಗ್ಯಾರೇಜಿನ ಯಂತ್ರ ಒಂದು ಲೆಕ್ಕ ಮುಗಿದೊಡನೆ ತಾನೇ ಮುಂದಿನದನ್ನು ಎತ್ತಿಕೊಂಡಿತ್ತು. ಅದರ ಫ್ಯಾನಿನ ಸದ್ದು ಅಡುಗೆಮನೆಯ ಗೋಡೆಯಾಚೆಯಿಂದ ಕೇಳುತ್ತಿತ್ತು, ಯಾರೋ ಒಳಗೆ ಕೂತು ಒಂದೇ ಸಮನೆ ಉಸಿರಾಡಿದ ಹಾಗೆ. ಡೇವಿಸ್ ಊರಿನ ಕಾಲೇಜಿನಲ್ಲಿ ಓದುತ್ತಿದ್ದ ಮಗಳು ಇಂಚರಾ ಶನಿವಾರ ಬಂದಾಗಲೆಲ್ಲ ‘ಅಮ್ಮಾ, ಪ್ಲೀಸ್, ಟರ್ನ್ ಇಟ್ ಆಫ್’ ಎನ್ನುತ್ತಿದ್ದಳು. ಪ್ರಭಾ ಕೇಳಿಸದವಳಂತೆ ಸೊಪ್ಪು ಬಿಡಿಸುತ್ತ ಕೂರುತ್ತಿದ್ದಳು. ಅಮ್ಮ ಈಗಲೂ ಗ್ಯಾರೇಜಿನ ಬಾಗಿಲು ತಟ್ಟಿಯೇ ತೆರೆಯುತ್ತಾಳೆ ಅಂಕಲ್ ಎಂದು ಇಂಚರಾ ಅಚ್ಯುತನಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಹೇಳುವಾಗ ಅವಳು ಬಾಗಿಲ ಕಡೆ ನೋಡಲಿಲ್ಲ.

ಇಷ್ಟರಲ್ಲಿ ಕನ್ನಡ ಕೂಟದ ವೆಂಕಟೇಶ್ ಅವರಿಗೆ ಸುದ್ದಿ ಮುಟ್ಟಿತು. ಯಾರು ಹೇಳಿದರೋ ತಿಳಿಯದು. ಯುಗಾದಿ ಕಾರ್ಯಕ್ರಮದಲ್ಲಿ ವ್ಯಾಸರಾಜರಿಗೆ ಶ್ರದ್ಧಾಂಜಲಿ, ಜೊತೆಗೆ ನಮ್ಮ ಕನ್ನಡಿಗರೊಬ್ಬರು ಕಂಡುಹಿಡಿದ ಮಹಾಸಂಖ್ಯೆಯ ಘೋಷಣೆ ಎಂದು ಅವರು ತೀರ್ಮಾನಿಸಿಬಿಟ್ಟರು. ಅಚ್ಯುತನಿಗೆ ಫೋನು ಮಾಡಿ ಕೇಳಿದ್ದು ಒಂದೇ ಪ್ರಶ್ನೆ: ‘ಸಾರ್, ಒಟ್ಟು ಎಷ್ಟು ಅಂಕಿ? ಒಂದು ಸ್ಲೈಡಲ್ಲಿ ಹಿಡಿಸುತ್ತಾ?’

ಅಚ್ಚು ಹಾಕಿಸಿದರೆ ಸಭಾಂಗಣದಲ್ಲಿ ಜನಕ್ಕೆ ಜಾಗ ಉಳಿಯುವುದಿಲ್ಲ ಎಂದು ಅಚ್ಯುತ ಹೇಳಿದ. ಹಾಗಾದರೆ ಮೊದಲಿನ ನಾಲ್ಕು ಸಾಲು, ಕೊನೆಯ ನಾಲ್ಕು ಸಾಲು ಕೊಡಿ ಸಾಕು ಎಂದರು ವೆಂಕಟೇಶ್. ಇನ್ನೂ ಖಚಿತವಾಗಿಲ್ಲ, ಘೋಷಣೆ ಬೇಡ ಎಂದರೆ, ಅದೆಲ್ಲ ಆಗುತ್ತದೆ ಬಿಡಿ ಸಾರ್, ಸತ್ತವರ ವಿಷಯದಲ್ಲಿ ಹಾಗೆಲ್ಲ ಅನುಮಾನಪಡಬಾರದು ಎಂದು ಸಮಾಧಾನ ಹೇಳಿದರು. ಪ್ರಭಾಳಿಗೂ ಫೋನು ಮಾಡಿದ್ದರಂತೆ. ಅವಳು ಬೇಡವೆನ್ನಲಿಲ್ಲ.

ಅಚ್ಯುತನ ಯಂತ್ರ ಮಲಗುವ ಕೋಣೆಯ ಬಟ್ಟೆಗೂಡಿನಲ್ಲಿತ್ತು. ಆ ದಿನಗಳಲ್ಲಿ ಅದರ ಸದ್ದೂ ಬೇರೆಯಾಗಿ ಕೇಳತೊಡಗಿತು. ವ್ಯಾಸ ನಡೆದು ಮುಗಿಸಿದ ದಾರಿಯಲ್ಲೇ ಹೆಜ್ಜೆಗೆ ಹೆಜ್ಜೆ ಇಟ್ಟು ತಾನು ಹೋಗುತ್ತಿದ್ದೇನೆ. ತುದಿಯಲ್ಲಿ ಅವನು ನೋಡಿದ್ದನ್ನೇ ತಾನೂ ನೋಡುತ್ತೇನೆ ಎಂದು ಅಚ್ಯುತನಿಗೆ ಅನಿಸುತ್ತಿತ್ತು. ಅಂಗಿ ತೆಗೆಯಲು ಬಾಗಿಲು ತೆರೆದರೆ ಒಳಗಿನ ಬಿಸಿಗಾಳಿ ಮುಖಕ್ಕೆ ಬಡಿಯುತ್ತಿತ್ತು. ಅಂಗಿಗಳೆಲ್ಲ ಆಗತಾನೆ ಯಾರೋ ಬಿಚ್ಚಿಟ್ಟ ಹಾಗೆ ಬೆಚ್ಚಗಿರುತ್ತಿದ್ದವು. ಭಾನುವಾರದ ಮೆಸೇಜು ತಪ್ಪದೆ ಬರುತ್ತಿತ್ತು. ಎಲ್ಲ ಸರಿ ಇದೆ. ಲೆಕ್ಕ ನಡೀತಿದೆ.

ಯುಗಾದಿಗೆ ಸ್ವಲ್ಪ ಮುಂಚೆ, ಒಂದು ಶನಿವಾರ ಬೆಳಿಗ್ಗೆ, ಅಚ್ಯುತನದು ಮುಗಿಯಿತು. ಪರದೆಯ ಮೇಲೆ ಹದಿನಾರು ಗುರುತುಗಳಿದ್ದವು. ಸೊನ್ನೆಯಲ್ಲ. ಎಳ್ಳುಂಡೆಯಿಂದ ಶುರುವಾಗಿ ಮೂರಕ್ಕೆ ಮುಗಿಯುವ ಒಂದು ಸಾಲು, ಹಿಂದಿನ ಎಷ್ಟೋ ಸಾಲುಗಳಂಥದ್ದೇ.

ಅವನು ಮಂಚದ ತುದಿಯಲ್ಲಿ ಕೂತ. ವ್ಯಾಸನಿಗೆ ಸೊನ್ನೆ ಬಂದಿತ್ತು, ತನಗೆ ಬಂದಿಲ್ಲ. ಇಬ್ಬರಲ್ಲಿ ಒಬ್ಬರ ಯಂತ್ರ ತಪ್ಪಿದೆ. ತನ್ನದು ಹಳೆಯದು, ತಪ್ಪಿರಬಹುದು. ಆಗ ಮೂರನೆಯವರೊಬ್ಬರು ಮೊದಲಿನಿಂದ ಓಡಿಸಬೇಕು. ಆದರೆ ಸುಳ್ಳು ಸೊನ್ನೆಗಳ ಕತೆ ವ್ಯಾಸನೇ ಹೇಳಿದ್ದ. ಯಂತ್ರದ ನೆನಪು ಎಲ್ಲೋ ನಡುವೆ ಬರಿದಾಗಿ, ಎರಡು ಕಳೆಯುವುದೂ ತಪ್ಪಿ, ಮುಂದೆಲ್ಲ ಸೊನ್ನೆಯನ್ನೇ ಸೊನ್ನೆಯಿಂದ ಗುಣಿಸುತ್ತ ಬಂದು, ಕೊನೆಗೆ ಅದನ್ನು ನಂಬಿ ಸಂಭ್ರಮಿಸಿದವರ ಮುಖಕ್ಕೆ ಮಸಿ ಬಳಿಯುತ್ತದಂತೆ. ಹಾಗೇನಾದರೂ ಆಗಿದ್ದರೆ? ಬದುಕಿಡೀ ಬೇರೆಯವರ ತಪ್ಪು ಹಿಡಿದವನು ಕೊನೆಯಲ್ಲಿ ತನ್ನದೇ ಯಂತ್ರದ ಸುಳ್ಳಿಗೆ ಸ್ನಾನ ಮಾಡಿ ಸಿಹಿ ತಿಂದು ಹೋದನೆಂದು ಪ್ರಭಾಳಿಗೆ ಹೇಗೆ ಹೇಳುವುದು?

ಫೋನಿನಲ್ಲಿ ಹೇಳುವ ಮಾತಲ್ಲ. ಫ್ರೀವೇಯಲ್ಲಿ ಎಂದಿಗಿಂತ ನಿಧಾನವಾಗಿ ಓಡಿಸಿದರೂ ಮಿಲ್ಪಿಟಾಸ್ ಬೇಗ ಬಂತು.

ಬಾಗಿಲು ತೆರೆದ ಪ್ರಭಾ ಅವನ ಮುಖ ನೋಡಿ ಮುಗಿಯಿತಾ ಎಂದಷ್ಟೇ ಕೇಳಿದಳು. ಮುಗಿಯಿತು ಎಂದ. ಏನು ಬಂತೆಂದು ಅವಳು ಕೇಳಲಿಲ್ಲ. ಅಡುಗೆಮನೆ ದಾಟಿ ಗ್ಯಾರೇಜಿನ ಬಾಗಿಲು ತಟ್ಟಿದಳು, ಒಂದು ಕ್ಷಣ ನಿಂತಳು, ತೆರೆದಳು.

ಒಳಗೆ ಸೆಕೆ. ವ್ಯಾಸನ ಕುರ್ಚಿಯ ಬೆನ್ನಿಗೆ ಅವನ ಸ್ವೆಟರು ಹಾಗೇ ಇತ್ತು. ಫಲಿತಾಂಶಗಳ ಕಡತ ಎಲ್ಲಿದೆಯೆಂದು ಅಚ್ಯುತನಿಗೆ ಗೊತ್ತಿತ್ತು. ಅದನ್ನು ತೆರೆಯಲು ಬಗ್ಗಿದಾಗ ಪ್ರಭಾ ಅವನ ತೋಳು ಹಿಡಿದಳು.

‘ನೀವು ನೋಡೋ ಹಾಗಿಲ್ಲ. ಹೇಗೆ ತೆಗೀಬೇಕು ಹೇಳಿ, ಅವರರ್ಧ ನಾನು ಓದ್ತೀನಿ.’

‘ಪ್ರಭಾ, ಮೊದಲು ಒಂದು ಮಾತು ಹೇಳಬೇಕು...’

‘ಆಮೇಲೆ ಹೇಳಿ. ಆ ಕಡೆ ತಿರುಗಿ ನಿಂತ್ಕೊಳ್ಳಿ.’

ಅಚ್ಯುತ ಗೋಡೆಯ ಕಡೆ ತಿರುಗಿದ. ಅಲ್ಲಿ ಇಂಚರಾ ಚಿಕ್ಕವಳಿದ್ದಾಗಿನ ಸೈಕಲ್ಲು ನೇತುಹಾಕಿತ್ತು. ಅವನು ಬಾಯಲ್ಲಿ ಹೇಳಿಕೊಟ್ಟಂತೆ ಪ್ರಭಾ ಕಡತ ತೆರೆದು ಕೊನೆಯ ಸಾಲಿಗೆ ಬಂದಳು. ಮೌಸಿನ ಸದ್ದು ನಿಂತಿತು. ಈಗ ಸೊನ್ನೆ ಎನ್ನುತ್ತಾಳೆ, ಸೊನ್ನೆ, ಸೊನ್ನೆ ಎಂದು ಓದುತ್ತ ಹೋಗುತ್ತಾಳೆ, ಮಧ್ಯದಲ್ಲಿ ಅಳುತ್ತಾಳೆ, ಆಗ ತಾನು ತಿರುಗಬೇಕಾಗುತ್ತದೆ ಎಂದು ಅವನು ಸೈಕಲ್ಲಿನ ಚಕ್ರ ನೋಡುತ್ತ ನಿಂತ.

‘ಎಳ್ಳುಂಡೆ’ ಎಂದಳು ಪ್ರಭಾ.

ಅಚ್ಯುತ ಗೋಡೆಗೆ ಕೈ ಊರಿದ.

‘ನಾಲ್ಕು. ನಾಲ್ಕು. ಬೋಂಡ. ಸೊನ್ನೆ.’ ಆ ಒಂದು ಸೊನ್ನೆಯ ಮೇಲೆ ಅವಳು ಸ್ವಲ್ಪ ತಡೆದಳು. ‘ಒಂಬತ್ತು. ದೋಸೆ. ಏಳು.’

ಅವನದೂ ಅದೇ. ಒಂದಂಕಿಯೂ ಬೇರೆಯಿಲ್ಲ. ಬೆಳಿಗ್ಗೆ ಬರೆದು ತಂದಿದ್ದ ಚೀಟಿ ತೆಗೆದು ತನ್ನ ಅರ್ಧ ಓದಿದ. ‘ಒಂದು. ಚಕ್ಕುಲಿ. ಎರಡು. ಎರಡು. ಫೇಣಿ. ಎಂಟು. ಅವಲಕ್ಕಿ. ಮೂರು.’

‘ಹೂಂ, ಹಾಗೇ ಇದೆ’ ಎಂದಳು ಪ್ರಭಾ.

ಅಚ್ಯುತ ಈ ಕಡೆ ತಿರುಗಿದ. ಯಂತ್ರ ಓಡುತ್ತಲೇ ಇತ್ತು. ಅವಳೇ ಕೇಳಿದಳು, ಹಾಗಾದರೆ ಇದು ಆ ಸಂಖ್ಯೆಯಲ್ಲ ಅಲ್ಲವೇ ಎಂದು. ಅಲ್ಲ ಎಂದು ಅಚ್ಯುತ ಹೇಳಿದ. ತಾನು ಯಾವುದಕ್ಕೆ ಹೆದರಿದ್ದೆನೆಂಬುದನ್ನೂ ಹೇಳಿದ. ವ್ಯಾಸನಿಗೆ ಸುಳ್ಳು ಸೊನ್ನೆ ಬಂದಿರಲಿಲ್ಲ. ಯಾವ ಸೊನ್ನೆಯೂ ಬಂದಿರಲಿಲ್ಲ.

‘ಅಂದ್ರೆ ಅವರು ತಪ್ಪಿರ್ಲಿಲ್ಲ.’

‘ತಪ್ಪಿರಲಿಲ್ಲ. ಕೋಟಿಗಟ್ಟಲೆ ಹೆಜ್ಜೆಯಲ್ಲಿ ಒಂದು ಕಡೆಯೂ ಇಲ್ಲ.’

ಪ್ರಭಾ ಆ ಕುರ್ಚಿಯಲ್ಲಿ ಕೂತೇ ವೆಂಕಟೇಶ್ ಅವರಿಗೆ ಫೋನು ಮಾಡಿದಳು. ಸಿಕ್ಕಿಲ್ಲ, ಘೋಷಣೆ ಬೇಡ ಎಂದಳು. ಅಯ್ಯೋ, ಎಲ್ಲರಿಗೂ ಹೇಳಿಯಾಯಿತಲ್ಲ ಮೇಡಂ ಎಂದು ಅವರು ಪೇಚಾಡಿದ್ದು ಅಚ್ಯುತನಿಗೂ ಕೇಳಿಸಿತು. ಎಲ್ಲರಿಗೂ ಇನ್ನೊಮ್ಮೆ ಹೇಳಿ ಎಂದಳು ಪ್ರಭಾ. ನಮ್ಮವರ ಸಂಖ್ಯೆ ಅವಿಭಾಜ್ಯವಲ್ಲ, ಆದರೆ ಅವರ ಲೆಕ್ಕ ಸರಿ ಇತ್ತು, ಎರಡನೆಯವರು ನೋಡಿದ್ದಾರೆ ಎಂದು ಹೇಳಿ ಎಂದಳು. ಅಷ್ಟನ್ನು ಸ್ಲೈಡಿನಲ್ಲಿ ಹಾಕಲು ಬರುವುದಿಲ್ಲ ಎಂದು ಅವರು ಹೇಳಿರಬೇಕು, ಅವಳು ಫೋನು ಇಟ್ಟಳು.

‘ಹಾಗಿದ್ರೆ ಆ ದಿನ ಯಾಕೆ ಅಷ್ಟು ಖುಷಿಯಾಗಿದ್ರು?’ ಎಂದು ಕೇಳಿದಳು.

ಅಚ್ಯುತ ಗೊತ್ತಿಲ್ಲ ಎಂದ. ಬೇರೇನಾದರೂ ಹೇಳಬಹುದಿತ್ತು, ಲೆಕ್ಕ ಮುಗಿದ ನೆಮ್ಮದಿ ಎಂದೋ ಇನ್ನೇನೋ. ಅವಳು ಅದನ್ನು ನಂಬುತ್ತಿರಲಿಲ್ಲ. ಸೊನ್ನೆ ಬರದ ಎಷ್ಟೋ ಲೆಕ್ಕಗಳು ಈ ಮನೆಯಲ್ಲಿ ಮುಗಿದಿದ್ದವು, ಅದಕ್ಕೆಂದು ಹಯಗ್ರೀವ ಆಗಿದ್ದು ಒಂದೇ ದಿನ.

ಅವಳು ಪರದೆಯ ಮೇಲಿನ ಸಾಲನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಅವಿಭಾಜ್ಯವಲ್ಲ ಎಂದ ಮೇಲೆ ಯಾವುದೋ ಒಂದರಿಂದ ಭಾಗವಾಗಬೇಕಲ್ಲ, ಯಾವುದರಿಂದ ಎಂದು ಕೇಳಿದಳು.

ಅದು ಈ ಪರೀಕ್ಷೆಯಿಂದ ತಿಳಿಯುವುದಿಲ್ಲ ಎಂದು ಅಚ್ಯುತ ವಿವರಿಸಿದ. ಭಾಗವಾಗುತ್ತದೆ ಎಂಬುದಷ್ಟೇ ಖಚಿತ, ಎರಡು ಯಂತ್ರಗಳ ಸಾಕ್ಷಿಯಿದೆ. ಭಾಗಿಸುವುದು ಯಾವುದೆಂದು ಯಾರಿಗೂ ಗೊತ್ತಿಲ್ಲ. ಇಪ್ಪತ್ತು ಇಪ್ಪತ್ತೆರಡು ಅಂಕಿಗಳ ತನಕ ಆಗಲೇ ಹುಡುಕಿದ್ದಾರೆ, ಅಲ್ಲೆಲ್ಲೂ ಇಲ್ಲ. ಅದಕ್ಕೂ ದೊಡ್ಡದೇ ಇರಬೇಕು. ಲೋಕದ ಕಂಪ್ಯೂಟರುಗಳನ್ನೆಲ್ಲ ಸೇರಿಸಿ ಹುಡುಕಿದರೂ ನಮ್ಮ ಕಾಲದಲ್ಲಿ ಸಿಗಲಿಕ್ಕಿಲ್ಲ.

‘ಆದ್ರೆ ಇದೆ’ ಎಂದಳು ಪ್ರಭಾ.

‘ಇದೆ. ಅದರಲ್ಲಿ ಅನುಮಾನ ಇಲ್ಲ.’

‘ಹಾಗೇ ಆ ದಿನದ ಖುಷಿಗೂ ಒಂದು ಕಾರಣ ಇದ್ದೇ ಇರುತ್ತೆ’ ಎಂದಳು. ಆಮೇಲೆ ಎದ್ದು, ಗೋಡೆಯ ಗುಂಡಿ ಒತ್ತಿ ಗ್ಯಾರೇಜಿನ ದೊಡ್ಡ ಬಾಗಿಲನ್ನು ಮೇಲಕ್ಕೆತ್ತಿದಳು. ಒಳಗಿನ ಬಿಸಿ ನಿಧಾನವಾಗಿ ರಸ್ತೆಯ ಕಡೆ ಹೋಯಿತು. ಎದುರು ಮನೆಯವರು ನಾಯಿಯನ್ನು ಹಿಡಿದುಕೊಂಡು ಹೋಗುತ್ತಿದ್ದವರು ಕೈಯೆತ್ತಿದರು, ಪ್ರಭಾಳೂ ಎತ್ತಿದಳು. ಕೈ ಕೆಳಗಿಳಿಸುವಾಗ ಅವಳು ಒಮ್ಮೆ ತಿರುಗಿ ಕುರ್ಚಿಯ ಕಡೆ ನೋಡಿದಳು. ಅಚ್ಯುತನೂ ನೋಡಿದ.